ಅಡಿಕೆ ಧಾರಣೆಯ ಜಾಲತಾಣಕ್ಕೆ ಬ್ಲಾಗಿನ ತಳಪಾಯ ಸಾಕೇ?

(ದೃಶ್ಯ: ಶಿರಸಿಯ ಅಡಿಕೆ ಮಾರುಕಟ್ಟೆ)

ನಮಸ್ಕಾರ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ, ಹೊನ್ನಾವರ ಪೇಟೆಗಳ ದಿನದ ಅಡಿಕೆ ಧಾರಣೆಯನ್ನು ಒಂದೇ ಕಡೆ ತೋರಿಸಿ, ಹಿಂದಿನ ವರ್ಷಗಳೊಂದಿಗೆ ಹೋಲಿಸಿಕೊಡುವ ಜಾಲತಾಣವನ್ನು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಲು ಹೊರಟವರಿಗಾಗಿ ಈ ವಿಡಿಯೋ. ಕಟ್ಟಲು ಖಂಡಿತ ಬರುತ್ತದೆ. ತೊಡಕು ಕಾಣಿಸಿಕೊಳ್ಳುವುದು ಎರಡು ವರ್ಷಗಳ ಮಾಹಿತಿ ತುಂಬಿದ ಮೇಲೆ.

2003ರಲ್ಲಿ ವರ್ಡ್‌ಪ್ರೆಸ್ ಹುಟ್ಟಿದ್ದು ಬ್ಲಾಗ್ ಬರೆಯುವವರಿಗಾಗಿ. 2010ರ 3.0 ಆವೃತ್ತಿಯಿಂದ ನಮಗೆ ಬೇಕಾದ ಬಗೆಯ ಪೋಸ್ಟ್‌ಗಳನ್ನು ರೂಪಿಸಿಕೊಳ್ಳುವುದು ಸುಲಭವಾಯಿತಾದರೂ, ಲೇಖನವಿರಲಿ, ಧಾರಣೆಯಿರಲಿ, ಎಲ್ಲವೂ ಡೇಟಾಬೇಸಿನ ಒಂದೇ ಪೋಸ್ಟ್ ಟೇಬಲ್ಲಿಗೇ ಸೇರುತ್ತವೆ. ಉಳಿದ ವಿವರಗಳು ಪೋಸ್ಟ್‌ಮೆಟಾ ಎಂಬ ಇನ್ನೊಂದು ಟೇಬಲ್ಲಿನಲ್ಲಿ ವಿವರಕ್ಕೊಂದು ಸಾಲಿನಂತೆ ಕೂರುತ್ತವೆ.

(ಪರದೆಯ ಮೇಲೆ: ರಾಶಿ, ಚಾಲಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ)

ಐದು ಪೇಟೆ, ಏಳು ಬಗೆ ಎಂದಿಟ್ಟುಕೊಂಡರೆ ದಿನಕ್ಕೆ 35 ದಾಖಲೆಗಳು. ಪೇಟೆ, ಬಗೆ, ಕನಿಷ್ಠ, ಗರಿಷ್ಠ, ಸರಾಸರಿ ಎಂಬ ಐದು ವಿವರಗಳ ಸಾಲುಗಳು, ಜೊತೆಗೆ ಪೋಸ್ಟ್ ಟೇಬಲ್ಲಿನ ಒಂದು ಸಾಲು, ಹೀಗೆ ದಾಖಲೆಗೆ ಆರರಂತೆ ದಿನಕ್ಕೆ 210 ಸಾಲುಗಳಾಗುತ್ತವೆ. ವರ್ಷದಲ್ಲಿ 250 ದಿನ ವಹಿವಾಟು ನಡೆದರೆ 52,500. ಧಾರಣೆಗೆಂದೇ ಬೇರೆ ಟೇಬಲ್ ಮಾಡಿದ್ದರೆ 8,750 ಸಾಲು ಸಾಕಿತ್ತು. ಇಷ್ಟು ಸಾಲುಗಳು ಡೇಟಾಬೇಸಿಗೆ ಭಾರವೇನಲ್ಲ, ನಿಜ. ಆದರೆ ‘ಶಿರಸಿಯಲ್ಲಿ ಚಾಲಿಯ ಗರಿಷ್ಠ ಧಾರಣೆ 40,000 ದಾಟಿದ ದಿನಗಳು’ ಎಂದು ಹುಡುಕಿದಾಗ, ಪೇಟೆಗೆ ಒಮ್ಮೆ, ಬಗೆಗೆ ಒಮ್ಮೆ, ದರಕ್ಕೆ ಒಮ್ಮೆ, ಹೀಗೆ ಅದೇ ಟೇಬಲ್ಲನ್ನು ಮೂರು ಸಲ ಜೋಡಿಸಬೇಕಾಗುತ್ತದೆ, ಮತ್ತು ಮೌಲ್ಯಗಳಿರುವ ಕಾಲಂಗೆ ಇಂಡೆಕ್ಸ್, ಅಂದರೆ ಬೇಗ ಹುಡುಕಲು ನೆರವಾಗುವ ಸೂಚಿ, ಇರುವುದಿಲ್ಲ.

ಇನ್ನೊಂದು ಸೂಕ್ಷ್ಮವನ್ನು ದಯವಿಟ್ಟು ಗಮನಿಸಿ. ಆ ಕಾಲಂ ದರವನ್ನು ಪಠ್ಯವಾಗಿ ಇಟ್ಟುಕೊಳ್ಳುತ್ತದೆ. ಸಂಖ್ಯೆಯೆಂದು ಪ್ರತ್ಯೇಕವಾಗಿ ಹೇಳದಿದ್ದರೆ 9800 ಎಂಬುದು 48000ಕ್ಕಿಂತ ದೊಡ್ಡದೆಂದು ವಿಂಗಡಣೆಯಾಗುತ್ತದೆ, ಏಕೆಂದರೆ ಹೋಲಿಕೆ ಮೊದಲ ಅಂಕಿಯಲ್ಲೇ ಮುಗಿಯುತ್ತದೆ. ಬೆಳೆಗಾರರು ಮಾಲು ಮಾರುವ ದಿನವನ್ನು ಇಂಥ ಪಟ್ಟಿ ನೋಡಿ ನಿರ್ಧರಿಸುವಾಗ ಈ ತಪ್ಪು ಸಣ್ಣದಲ್ಲ.

ಸಂಜೆ ಆರಕ್ಕೆ ಧಾರಣೆಯ ಸಂದೇಶ ಕಳುಹಿಸುವ ವ್ಯವಸ್ಥೆಯೂ ಹಾಗೆಯೇ: ವರ್ಡ್‌ಪ್ರೆಸ್‌ನ ಸಮಯಪಾಲಕ ಯಾರಾದರೂ ತಾಣಕ್ಕೆ ಬಂದಾಗ ಮಾತ್ರ ಎಚ್ಚರವಾಗುತ್ತದೆ. ಸರ್ವರ್‌ನ ಕ್ರಾನ್‌ಗೆ, ಅಂದರೆ ನಿಗದಿತ ಹೊತ್ತಿಗೆ ಕೆಲಸ ನಡೆಸುವ ವ್ಯವಸ್ಥೆಗೆ, ಆ ಕೆಲಸ ಒಪ್ಪಿಸುವುದು ಸುಲಭದ ಪರಿಹಾರ.

ಆನ್‌ಲೈನ್ ಅಂಗಡಿಗಳಿಗೆ ಬಳಸುವ ವೂಕಾಮರ್ಸ್ ಪ್ಲಗಿನ್ ಕೂಡ 2023ರಲ್ಲಿ, 8.2 ಆವೃತ್ತಿಯಿಂದ, ಹೊಸ ಅಂಗಡಿಗಳ ಆರ್ಡರ್‌ಗಳನ್ನು ಪೋಸ್ಟ್ ಟೇಬಲ್ಲಿನಿಂದ ಹೊರತಂದು ಸ್ವಂತ ಟೇಬಲ್ಲುಗಳಲ್ಲಿ ಇಡತೊಡಗಿತು. ನಾನು ಹೇಳುವುದೂ ಅದನ್ನೇ. ಕೃಷಿ ಲೇಖನಗಳು ವರ್ಡ್‌ಪ್ರೆಸ್‌ನಲ್ಲೇ ಇರಲಿ. ಧಾರಣೆಗೆ ದಿನಾಂಕ, ಪೇಟೆ, ಬಗೆಗಳ ಇಂಡೆಕ್ಸ್ ಇರುವ, ದರವನ್ನು ಸಂಖ್ಯೆಯಾಗಿಯೇ ಇಡುವ ಪ್ರತ್ಯೇಕ ಟೇಬಲ್ಲನ್ನು ಮೊದಲ ದಿನವೇ ಮಾಡಿಕೊಳ್ಳಿ. ಅದನ್ನು ಬರೆಯುವ ಕ್ರಮವನ್ನು ಈಗ ಪರದೆಯ ಮೇಲೆ ನೋಡೋಣ.