ಸದಾಶಿವ ಅಂದರೆ ಇಲ್ಲಿ ದೇವರಲ್ಲ ಸ್ವಾಮಿ!

ನಮಸ್ಕಾರ, ಎಲ್ಲರಿಗೂ ನಮಸ್ಕಾರ. ಇವತ್ತು ಬೆಣ್ಣೆ ದೋಸೆ ಬಗ್ಗೆ ಮಾತಾಡಬೇಕಿತ್ತು. ಎರಡು ಪುಟ ಬರೆದೂ ಇಟ್ಟಿದ್ದೆ. ಆದರೆ ನಿನ್ನೆ ರಾತ್ರಿ ಮಲಗುವ ಮುಂಚೆ ಒಂದು ಕಾಮೆಂಟ್ ಓದಿದೆ. ಓದಬಾರದಿತ್ತು. ದೋಸೆ ಮುಂದಿನ ವಾರ.

ಹೋದ ಸಲ ಸ್ಯಾಂಕಿ ಕೆರೆ ವಿಡಿಯೊ ಹಾಕಿದ್ದೆನಲ್ಲ, ಅದರ ಕೆಳಗೆ ಒಬ್ಬರು ಬರೆದಿದ್ದಾರೆ. "ಸಾರ್, ಅಲ್ಲಿ ಹಳೇ ಕಾಲದ ಶಿವನ ಗುಡಿ ಇರಬೇಕು. ಅದಕ್ಕೇ ಸದಾಶಿವನಗರ ಅನ್ನೋದು. ನೀವು ತೋರಿಸಲೇ ಇಲ್ಲ." ಇದಕ್ಕೆ ನಾನ್ನೂರು ಲೈಕು! ನನ್ನ ವಿಡಿಯೊಗೇ ಅಷ್ಟು ಬಂದಿಲ್ಲ. ಆ ಬೇಜಾರು ಬೇರೆ.

ಸ್ವಾಮಿ, ಸದಾಶಿವ ಅಂದರೆ ಇಲ್ಲಿ ದೇವರಲ್ಲ. ಒಬ್ಬ ಮನುಷ್ಯ. ಮಂಗಳೂರಿನ ವಕೀಲರು. ಕಾರ್ನಾಡ್ ಸದಾಶಿವ ರಾವ್. ಕಾರ್ನಾಡ್ ಅಂದ ತಕ್ಷಣ ನಾಟಕ ಬರೆದ ಗಿರೀಶ ಕಾರ್ನಾಡರು ಅಂದುಕೊಂಡಿರಿ, ಅಲ್ವಾ? ಅವರಲ್ಲ. ಇವರು ಹುಟ್ಟಿದ್ದು 1881ರಲ್ಲಿ.

ಮೊದಲು ಜಾಗ ಗೊತ್ತಿಲ್ಲದವರಿಗೆ ಎರಡು ಮಾತು. ಬೆಂಗಳೂರಲ್ಲಿ ಒಂದು ಕೆರೆ. ಒಂದು ಮಗ್ಗುಲಿಗೆ ಮಲ್ಲೇಶ್ವರ, ಇನ್ನೊಂದು ಮಗ್ಗುಲಿಗೆ ಸದಾಶಿವನಗರ. ಕೆರೆ ಸುಮಾರು 37 ಎಕರೆ. ಕಟ್ಟಿದ್ದು 1882ರಲ್ಲಿ, ಕರ್ನಲ್ ರಿಚರ್ಡ್ ಸ್ಯಾಂಕಿ. ಅದಕ್ಕೂ ಮುಂಚೆ, 1876ರಿಂದ 78ರವರೆಗೆ, ಮೈಸೂರು ಸೀಮೆಗೆ ದೊಡ್ಡ ಬರ ಬಡಿದಿತ್ತು. ಮತ್ತೆ ನೀರಿಗೆ ತಾಪತ್ರಯ ಆಗಬಾರದು ಅಂತ ಕಟ್ಟಿದ ಕೆರೆ ಇದು. ಅಂದರೆ ಬೆಳಗ್ಗೆ ವಾಕಿಂಗ್ ಹೋಗಿ ಸೆಲ್ಫಿ ತೆಗೆಯಲಿ ಅಂತ ಕಟ್ಟಿದ್ದಲ್ಲ. ಪಕ್ಕದಲ್ಲೇ ಸರ್ಕಾರದ ಗಂಧದ ಕೋಠಿ ಇತ್ತು, ಅದಕ್ಕೆ ಜನ ಗಂಧದ ಕೋಠಿ ಕೆರೆ ಅನ್ನುತ್ತಿದ್ದರು. ಎಂಥ ಹೆಸರು ನೋಡಿ! ಬಾಯಲ್ಲಿ ಹೇಳಿದರೇ ಘಮ್ ಅನ್ನುತ್ತೆ. ಈಗ ಯಾರಾದರೂ ಅನ್ನುತ್ತಾರಾ? ಇಲ್ಲ. "ಸ್ಯಾಂಕಿ ಲೇಕ್."

ಮಲ್ಲೇಶ್ವರದ ಕಥೆ ಎಲ್ಲರಿಗೂ ಗೊತ್ತು. 1898ರ ಪ್ಲೇಗು, ಇಕ್ಕಟ್ಟಾದ ಪೇಟೆ ಬಿಟ್ಟು ಜನ ಗಾಳಿ ಬೆಳಕು ಹುಡುಕಿಕೊಂಡು ಬಂದರು. ಇಲ್ಲಿ ದಾರಿಯಲ್ಲಿ ಸಿಕ್ಕವರೆಲ್ಲ ಕಾಡು ಮಲ್ಲೇಶ್ವರನ ಹೆಸರು ಹೇಳುತ್ತಾರೆ. ಅಲ್ಲಿ ದೇವರ ಹೆಸರು, ಸರಿ. ಒಪ್ಪಿದೆ. ಆದರೆ ಕೆರೆ ದಾಟಿ ಆ ಕಡೆ ಹೋದರೆ ಸದಾಶಿವ ದೇವರಲ್ಲ!

ಆ ಕಡೆಯ ಹಳೇ ಹೆಸರು ಪ್ಯಾಲೇಸ್ ಆರ್ಚರ್ಡ್ಸ್. ಅರಮನೆ ತೋಟ. ಅಗಲ ರಸ್ತೆ, ಎತ್ತರದ ಕಾಂಪೌಂಡು, ಒಳಗೆ ಮಾವಿನ ಮರ, ಗೇಟಲ್ಲಿ ಕಾವಲುಗಾರ. ಮಂತ್ರಿಗಳು, ಉದ್ಯಮಿಗಳು, ಸಿನಿಮಾದವರು. ಅಣ್ಣಾವ್ರ ಮನೆ ಅಲ್ಲೇ ಇದ್ದಿದ್ದು. ಮಲ್ಲೇಶ್ವರದಲ್ಲಿ ಪಕ್ಕದ ಮನೆ ಒಗ್ಗರಣೆ ಯಾವುದು ಅಂತ ಮೂಗಿಗೆ ಗೊತ್ತಾಗುತ್ತೆ. ಸದಾಶಿವನಗರದಲ್ಲಿ ಪಕ್ಕದ ಮನೇಲಿ ಯಾರಿದ್ದಾರೆ ಅನ್ನೋದೇ ಗೊತ್ತಾಗಲ್ಲ. ನಾನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಸ್ವಲ್ಪ ಹೊಟ್ಟೆಕಿಚ್ಚು ಇದೆ.

ಈಗ ಆ ವಕೀಲರ ವಿಷಯಕ್ಕೆ ಬನ್ನಿ. ಅನುಕೂಲಸ್ಥರ ಮನೆಯ ಹುಡುಗ. ಮದ್ರಾಸಿನಲ್ಲಿ ಓದಿ, ಮುಂಬೈಯಲ್ಲಿ ಕಾನೂನು ಕಲಿತು, ಮಂಗಳೂರಲ್ಲಿ ವಕೀಲಿಕೆ. ಮನೆಯಲ್ಲಿ ಕೂತು ತಿಂದರೂ ಕರಗದಷ್ಟು ಆಸ್ತಿ. 1911ರಲ್ಲಿ ಹೆಂಗಸರಿಗಾಗಿ, ಅದರಲ್ಲೂ ವಿಧವೆಯರಿಗೆ ಆಸರೆಯಾಗಲಿ ಅಂತ, ಮಹಿಳಾ ಸಭಾ ಕಟ್ಟಿದರು. ಜೊತೆಗೆ ನಿಂತವರು ಹೆಂಡತಿ ಶಾಂತಾಬಾಯಿ. 1920ರಲ್ಲಿ ಗಾಂಧೀಜಿ ಮಂಗಳೂರಿಗೆ ಬಂದರು. ಇವರು ವಕೀಲಿಕೆ ಬಿಟ್ಟರು. ತಿಲಕರ ಹೆಸರಲ್ಲಿ ರಾಷ್ಟ್ರೀಯ ಶಾಲೆ ಶುರುಮಾಡಿದರು. ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋದರು. ಇದ್ದ ದುಡ್ಡು, ಜಮೀನು, ಎಲ್ಲ ಚಳವಳಿಗೆ ಹೋಯಿತು. 1936ರ ಡಿಸೆಂಬರಿನಲ್ಲಿ ಫೈಜಪುರದ ಕಾಂಗ್ರೆಸ್ ಅಧಿವೇಶನಕ್ಕೆ ಹೋದರು. ಅಲ್ಲಿಂದ ಕಾಯಿಲೆ ಹಿಡಿದು ಬಂದವರು, ಮರು ತಿಂಗಳೇ, 1937ರ ಜನವರಿಯಲ್ಲಿ ಮುಂಬೈಯಲ್ಲಿ ತೀರಿಕೊಂಡರು. ಕೈಯಲ್ಲಿ ಏನೂ ಉಳಿದಿರಲಿಲ್ಲ.

ಅರ್ಥ ಆಯ್ತಾ? ಇದ್ದದ್ದನ್ನೆಲ್ಲ ಕೊಟ್ಟು ಬರಿಗೈಲಿ ಹೋದ ಮನುಷ್ಯನ ಹೆಸರು. ಅದನ್ನು ಇಟ್ಟಿರುವುದು ಬೆಂಗಳೂರಿನ ದುಬಾರಿ ಬಡಾವಣೆಗಳಲ್ಲೇ ಒಂದಕ್ಕೆ. ಅಲ್ಲಿ ಸೈಟಿನ ರೇಟು ಕೇಳಿದರೆ ಆ ಯಜಮಾನರೇ ಎದ್ದು ಕೂತುಬಿಡುತ್ತಾರೆ. ಮತ್ತೆ ನೀವು ಗುಡಿ ಎಲ್ಲಿ ಅಂತ ಕೇಳುತ್ತೀರಿ!

ಒಂದು ನಿಮಿಷ. ಚಾನೆಲ್‌ನ ಹೊಸ ಮಗ್ಗು ಬಂದಿದೆ. ಈ ವಿಷಯದ ಮೇಲೇ ಮಾಡಿಸಿದ್ದು. ಡಬ್ಬ ಇನ್ನೂ ಬಿಚ್ಚಿಲ್ಲ, ಕೊನೇಲಿ ನಿಮ್ಮೆದುರೇ ಬಿಚ್ಚುತ್ತೇನೆ. ಅಲ್ಲೀತನಕ ಗಂಟೆ ಒತ್ತಿ, ಸಬ್‌ಸ್ಕ್ರೈಬ್ ಆಗಿ. ಪುಕ್ಕಟೆ ರೀ.

ಹೋದ ತಿಂಗಳು ಒಬ್ಬ ಏಜೆಂಟು ನನಗೆ ಫ್ಲ್ಯಾಟ್ ತೋರಿಸಿದ. ಕೊಳ್ಳುವವನ ಹಾಗೆ ಇಸ್ತ್ರಿ ಶರ್ಟು ಹಾಕಿಕೊಂಡು ಹೋಗಿದ್ದೆ. "ಲೇಕ್ ವ್ಯೂ ಸಾರ್" ಅಂತ ಬಾಲ್ಕನಿಗೆ ಕರೆದುಕೊಂಡು ಹೋದ. ಕೆರೆ ಎಲ್ಲಪ್ಪಾ? "ಸ್ವಲ್ಪ ಈ ಕಡೆ ಬಗ್ಗಿ ಸಾರ್." ಬಗ್ಗಿದೆ. "ಇನ್ನೂ ಸ್ವಲ್ಪ." ಕಂಬಿ ಹಿಡಿದುಕೊಂಡು ಇನ್ನೂ ಬಗ್ಗಿದೆ. ಎರಡು ಕರೀ ನೀರಿನ ಟ್ಯಾಂಕ್ ನಡುವೆ ಅಂಗೈ ಅಗಲ ನೀರು ಮಿಂಚಿತು. ಒಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಾ ಕೂತಿತ್ತು. ಅದರದ್ದೂ ಒಂದೇ ರೆಕ್ಕೆ ಕಂಡಿದ್ದು. ಸರಿ, ಈ ಸದಾಶಿವ ಅಂದರೆ ಯಾರಪ್ಪಾ ಅಂತ ಕೇಳಿದೆ. ಅವನು ತಲೆ ಕೆರೆದುಕೊಂಡ. "ಬಿಲ್ಡರ್ ಇರಬೇಕು ಸಾರ್."

ಬಿಲ್ಡರ್! ದೇವರಿಂದ ಬಿಲ್ಡರ್‌ಗೆ ಇಳಿದೆವು.

ಈಗ ಕೆಲವರು ಹೇಳುತ್ತಾರೆ, "ಹೆಸರಲ್ಲೇನಿದೆ ಬಿಡಿ." ಏನೂ ಇಲ್ವಾ? ಹಾಗಾದರೆ ಅಲ್ಲಿಯವರು ವಿಳಾಸ ಕೊಡುವಾಗ ಯಾಕೆ ಅಷ್ಟು ಜಾಗ್ರತೆ? ಕೆಲವರಿಗೆ ಇವತ್ತಿಗೂ ಪ್ಯಾಲೇಸ್ ಆರ್ಚರ್ಡ್ಸೇ ಬೇಕು. ಕೆಲವರಿಗೆ ಆರ್‌ಎಂವಿ. ಬಿಡಿಸಿ ಹೇಳಿ ನೋಡೋಣ. ರಾಜಮಹಲ್ ವಿಲಾಸ್! ಅರಮನೆ ಬೇಕು, ರಾಜ ಬೇಕು, ವಿಲಾಸ ಬೇಕು. ಜೈಲಿಗೆ ಹೋದ ವಕೀಲರು ಬೇಡ. ಇನ್ನೊಬ್ಬರು ಹಿಂದೊಮ್ಮೆ ಕೇಳಿದ್ದರು, "ಮಂಗಳೂರಿನವರಿಗೂ ಬೆಂಗಳೂರಿಗೂ ಏನು ಸಂಬಂಧ?" ಅಯ್ಯೋ ಮಾರಾಯ್ರೆ, ಸ್ಯಾಂಕಿ ಏನು ಮಾಗಡಿಯವರಾ? ಐರ್ಲೆಂಡಿನವರು! ಅವರ ಹೆಸರು ಕೆರೆಗೂ ಇದೆ, ರಸ್ತೆಗೂ ಇದೆ. ಅದನ್ನು ಯಾರೂ ಪ್ರಶ್ನೆ ಮಾಡಲ್ಲ.

ಸ್ಯಾಂಕಿ ಬಗ್ಗೆ ನನಗೆ ಜಗಳ ಇಲ್ಲ. ಕೆರೆ ಕಟ್ಟಿದವರಿಗೆ ಕೈ ಮುಗಿಯಬೇಕು. ಕಬ್ಬನ್ ಪಾರ್ಕೂ ಅವರ ಕಾಲದ್ದೇ, 1870ರದ್ದು. ಆದರೆ ವಾಕಿಂಗ್ ಬರುವ ಹತ್ತು ಜನರನ್ನು ನಿಲ್ಲಿಸಿ ಸ್ಯಾಂಕಿ ಯಾರು ಅಂದರೆ ಎಂಟು ಜನ ಹೇಳುತ್ತಾರೆ. ಸದಾಶಿವ ಯಾರು ಅಂದರೆ ಆಕಾಶ ನೋಡುತ್ತಾರೆ. ನಾನೇ ಕೇಳಿದ್ದೇನೆ. ಸರಿ, ಹತ್ತು ಜನ ಅಲ್ಲ, ನಾಲ್ಕು. ಒಬ್ಬರು ಕಿವಿಗೆ ಹಾಕಿಕೊಂಡಿದ್ದನ್ನು ತೆಗೆಯಲೇ ಇಲ್ಲ. ಇನ್ನೊಬ್ಬರು "ಹಳೇ ಕಾರ್ಪೊರೇಟರ್" ಅಂದರು. ನೋಡಿ, ದೇವರು, ಬಿಲ್ಡರ್, ಕಾರ್ಪೊರೇಟರ್. ಮೆಟ್ಟಿಲು ಇಳಿಯುತ್ತಲೇ ಇದ್ದೇವೆ.

2023ರಲ್ಲಿ ಇದೇ ಕೆರೆ ಪಕ್ಕದ ರಸ್ತೆಗೆ ಮೇಲ್ಸೇತುವೆ ಬೇಡ, ಮರ ಕಡಿಯಬೇಡಿ ಅಂತ ಜನ ಬೀದಿಗಿಳಿದರು. ಅಜ್ಜ ಅಜ್ಜಿಯರು, ಶಾಲೆ ಮಕ್ಕಳು, ಕೈಯಲ್ಲಿ ಬೋರ್ಡು. ನನಗೆ ಬಹಳ ಖುಷಿಯಾಯಿತು. ಸತ್ಯಾಗ್ರಹಿ ಹೆಸರಿನ ಬಡಾವಣೆ ಪಕ್ಕದಲ್ಲೇ ಸತ್ಯಾಗ್ರಹ, ಅಲ್ವಾ? ಇದನ್ನು ಹೇಳಿದರೆ ನನ್ನ ಗೆಳೆಯ, "ನೀನು ಎಲ್ಲದಕ್ಕೂ ಅದನ್ನೇ ತಂದು ಅಂಟಿಸ್ತೀಯ" ಅಂದ. ಅಂಟಿಸ್ತೀನಿ! ಯಾಕೆ ಅಂಟಿಸಬಾರದು? ಯಾಕೆ ಅಂದರೆ... ಇಲ್ಲಿ ಇನ್ನೂ ಮೂರು ಕಾರಣ ಬರೆದುಕೊಂಡಿದ್ದೆ. ಕಾಫಿ ಚೆಲ್ಲಿ ಹಾಳೆ ಅಂಟಿಕೊಂಡಿದೆ. ಬಿಡಿ. ಕಾರಣ ಒಂದೇ. ಸದಾಶಿವ ದೇವರಲ್ಲ. ದೇವರಲ್ಲ ಅಂದರೆ ದೇವರಲ್ಲ!

ಮಂಗಳೂರಿನವರು ನಗಬೇಡಿ. ನೀವು ಕೆ.ಎಸ್. ರಾವ್ ರೋಡ್ ಅಂತೀರಲ್ಲ, ಅದೂ ಇವರೇ. ನೀವು ಇನ್ನೂ ಚಿಕ್ಕದು ಮಾಡಿ ಎರಡು ಅಕ್ಷರಕ್ಕೆ ಇಳಿಸಿದ್ದೀರಿ.

ಆಯ್ತು, ಮಗ್ಗು. ಇನ್ನೂರು ಮಾಡಿಸಿದ್ದೇನೆ. ಡಿಸೈನ್ ಮಾಡುವ ಹುಡುಗನಿಗೆ ಫೋನಲ್ಲೇ ಹೇಳಿದ್ದೆ, ಒಂದು ಕೆರೆ ಬರೆಯಪ್ಪಾ, ಕೆಳಗೆ ದೊಡ್ಡದಾಗಿ ಸದಾಶಿವ ಅಂತ ಬರಲಿ. ಕತ್ತರಿ ಎಲ್ಲಿ... ಹಾಂ. ಕೆರೆ ಚೆನ್ನಾಗಿ ಬಂದಿದೆ. ಅಕ್ಷರ ಚೆನ್ನಾಗಿದೆ. ಈ ಕಡೆ ಏನಿದು, ತಿರುಗಿಸಿ ನೋಡೋಣ...

ತ್ರಿಶೂಲ. ಢಮರು ಬೇರೆ.

ಅರ್ಧ ಬೆಲೆಗೆ ಕೊಡುತ್ತೇನೆ. ಲಿಂಕ್ ಕೆಳಗಿದೆ.