ಡಿಸ್ನೋಮಿಯಾ ಬರೀ ಕಲ್ಲಂತೆ!

ಎಲ್ಲರಿಗೂ ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಆದರೆ ಕಳೆದ ವಿಡಿಯೋದ ಕೆಳಗೆ ಒಬ್ಬ ಮಹಾಶಯರು ಬರೆದಿದ್ದಾರೆ: "ಯಾರ ಕಣ್ಣಿಗೂ ಕಾಣದ ಒಂದು ಕಲ್ಲಿನ ಬಗ್ಗೆ ಇಷ್ಟೊಂದು ಮಾತಾ? ಬೇರೆ ಕೆಲಸ ಇಲ್ವಾ?"

ಇಲ್ಲ ಸ್ವಾಮಿ, ಇಲ್ಲ. ಕೂತು ಕೇಳಿ.

ಆ ಕಲ್ಲಿನ ಹೆಸರು ಡಿಸ್ನೋಮಿಯಾ. ಎರಿಸ್ ಎಂಬ, ಪ್ಲೂಟೋ ತರಹದ ಕುಬ್ಜ ಗ್ರಹವನ್ನು ಸುತ್ತುವ ಚಂದ್ರ. ಸೂರ್ಯನಿಂದ ಹೊರಟ ಬೆಳಕು ಅಲ್ಲಿಗೆ ಮುಟ್ಟಲು ಈಗ ಸುಮಾರು 13 ಗಂಟೆ ಬೇಕು. ನಮಗೆ ಎಂಟೇ ನಿಮಿಷ ಸಾಕು. 2005ರ ಸೆಪ್ಟೆಂಬರ್‌ನಲ್ಲಿ ಖಗೋಳ ವಿಜ್ಞಾನಿ ಮೈಕ್ ಬ್ರೌನ್ ತಂಡ ಹವಾಯಿಯ ಕೆಕ್ ಟೆಲಿಸ್ಕೋಪಿನಲ್ಲಿ ಎರಿಸ್ ಪಕ್ಕ ಒಂದು ಮಂಕು ಚುಕ್ಕೆ ಕಂಡಿತು. ಅದೇ ಇದು.

ನನ್ನದು ಒಂದೇ ಮಾತು. ಅಷ್ಟು ದೂರದ ಗ್ರಹಕ್ಕೆ ಅದರ ಚಂದ್ರನೇ ತಕ್ಕಡಿ. ಚಂದ್ರ ಎಷ್ಟು ದೂರದಲ್ಲಿ ಸುತ್ತುತ್ತದೆ, ಒಂದು ಸುತ್ತಿಗೆ ಎಷ್ಟು ದಿನ ಬೇಕು, ಇವೆರಡು ಗೊತ್ತಾದರೆ ಸಾಕು. ಗ್ರಹದ ತೂಕ ಲೆಕ್ಕಕ್ಕೆ ಸಿಗುತ್ತದೆ. ಗ್ರಹ ಭಾರ ಇದ್ದಷ್ಟೂ ಎಳೆತ ಜಾಸ್ತಿ, ಅದೇ ದೂರದ ಚಂದ್ರ ಅಷ್ಟೇ ಬೇಗ ಓಡಬೇಕು. ಡಿಸ್ನೋಮಿಯಾ ಸುಮಾರು 37,000 ಕಿ.ಮೀ. ದೂರದಲ್ಲಿ, 16 ದಿನಕ್ಕೆ ಕೊಂಚ ಕಮ್ಮಿ ಸಮಯದಲ್ಲಿ ಒಂದು ಸುತ್ತು ಮುಗಿಸುತ್ತದೆ. ಕೆಕ್ ಮತ್ತು ಹಬಲ್ ಬಾಹ್ಯಾಕಾಶ ಟೆಲಿಸ್ಕೋಪಿನಿಂದ ಇದನ್ನು ಅಳೆದು 2007ರಲ್ಲಿ ಲೆಕ್ಕ ಹಾಕಿದರು. ಎರಿಸ್ ಪ್ಲೂಟೋಗಿಂತ ಶೇ 27ರಷ್ಟು ಭಾರ! ಯಾರು ಹೇಳಿದ್ದು? ಆ ಕಲ್ಲು.

"ಗಾತ್ರ ನೋಡಿ ತೂಕ ಹೇಳಬಹುದಲ್ವಾ?" ಅಂತ ಒಬ್ಬರು. ಹೇಳಿ ನೋಡೋಣ. ಪ್ಲೂಟೋ ವ್ಯಾಸ 2,377 ಕಿ.ಮೀ., ಎರಿಸ್‌ದು ಸುಮಾರು 2,326. ಗಾತ್ರದಲ್ಲಿ ಪ್ಲೂಟೋ ದೊಡ್ಡದು, ತೂಕದಲ್ಲಿ ಎರಿಸ್ ಮುಂದೆ. ಎರಿಸ್ ಒಳಗೆ ಬಂಡೆ ಜಾಸ್ತಿ, ಮಂಜುಗಡ್ಡೆ ಕಮ್ಮಿ. ಇದೂ ತಿಳಿದದ್ದು ಚಂದ್ರ ತೂಕ ಕೊಟ್ಟ ಮೇಲೆ. ಗಾತ್ರ ನೋಡ್ತಾರಂತೆ!

ಇನ್ನೊಬ್ಬರು, "ನೌಕೆ ಕಳಿಸಿ ನೋಡಲಿ". ನ್ಯೂ ಹೊರೈಜನ್ಸ್ 2006ರ ಜನವರಿಯಲ್ಲಿ ಹೊರಟು ಪ್ಲೂಟೋ ಹತ್ತಿರ ಹೋಗಿದ್ದು 2015ರ ಜುಲೈನಲ್ಲಿ. ಎರಿಸ್ ಇರುವುದು ಹತ್ತಿರ ಹತ್ತಿರ ಅದರ ಮೂರು ಪಟ್ಟು ದೂರದಲ್ಲಿ. ಕಳಿಸಿ ಸ್ವಾಮಿ, ಕಾಯುತ್ತಿರಿ. ಅಷ್ಟರಲ್ಲಿ ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿಬಿಡಿ, ಗಂಟೆ ಗುರುತು ಒತ್ತಿ, ನೌಕೆ ಮುಟ್ಟಿದ ದಿನ ನಾನೇ ತಿಳಿಸುತ್ತೇನೆ.

ಪ್ಲೂಟೋ ಕಥೆಯೂ ಇದೇ. 1930ರಲ್ಲಿ ಸಿಕ್ಕಾಗ ಅದು ಭೂಮಿಯಷ್ಟು ಭಾರ ಇರಬಹುದು ಅಂತ ಅಂದಾಜು ಮಾಡಿದ್ದರು. ಆಮೇಲೆ ಅಂದಾಜು ಇಳಿಯುತ್ತಾ ಹೋಯಿತು. 1978ರಲ್ಲಿ ಜೇಮ್ಸ್ ಕ್ರಿಸ್ಟಿ ಅದರ ಚಂದ್ರ ಕ್ಯಾರನ್‌ನನ್ನು ಕಂಡುಹಿಡಿದರು. ಅದರಿಂದ ಪ್ಲೂಟೋನ ತೂಗಿದರೆ ಏನು? ಭೂಮಿಯ ಐನೂರರಲ್ಲಿ ಒಂದು ಪಾಲಿನ ಆಸುಪಾಸು! ಸುಮಾರು ಐವತ್ತು ವರ್ಷದ ಊಹೆ ಒಂದು ಚಂದ್ರನಿಂದ ಮುಗಿಯಿತು. ಚಂದ್ರನಿಂದ! ಮತ್ತೆ ಹೇಳಲಾ? ಚಂದ್ರನಿಂದ!

ಡಿಸ್ನೋಮಿಯಾ ಚಿಕ್ಕದು ಅಂತೀರಾ? ಅಡ್ಡಳತೆ 600 ಕಿ.ಮೀ. ದಾಟುತ್ತದೆ, ಒಂದು ಸುತ್ತು ನಡೆದು ಬನ್ನಿ. ಮಂಕು ಅಂತೀರಾ? ಹೌದು, ಎರಿಸ್ ಬಿದ್ದ ಬೆಳಕನ್ನೆಲ್ಲ ಹೆಚ್ಚುಕಮ್ಮಿ ವಾಪಸ್ ಕಳಿಸುತ್ತದೆ, ಇದು ನುಂಗಿಬಿಡುತ್ತದೆ. ಏನೀಗ? ಕೆಲಸ ಮಾಡುವುದಕ್ಕೆ ಹೊಳೆಯಲೇಬೇಕಾ? ನನ್ನ ಹಿಂದಿನ ಲೈಟೂ ಮಂಕೇ, ವಿಡಿಯೋ ನಡೀತಿಲ್ವಾ?

ಸುಮ್ನೆ ನನ್ನ ತಲೆ ಬಿಸಿ ಮಾಡಬೇಡಿ. ಉಪಯೋಗ ಇದೆ ಅಂದರೆ ಇದೆ. ಇಲ್ಲ ಅನ್ನುವವರು ಎರಿಸ್‌ನ ತೂಕ ಬೇರೆ ದಾರಿಯಲ್ಲಿ ತಂದು ಕೊಡಿ, ಪಿನ್ ಮಾಡುತ್ತೇನೆ.

ಮುಂದಿನ ವಿಡಿಯೋ ಮಾಕೆಮಾಕೆ ಎಂಬ ಇನ್ನೊಂದು ಕುಬ್ಜ ಗ್ರಹದ ಚಂದ್ರನದ್ದು. 2015ರಲ್ಲಿ ಹಬಲ್ ಕಣ್ಣಿಗೆ ಬಿದ್ದದ್ದು, ತನ್ನ ಗ್ರಹಕ್ಕಿಂತ 1,300 ಪಟ್ಟು ಮಂಕು. ಡಿಸ್ನೋಮಿಯಾಗಿಂತಲೂ ಚಿಕ್ಕದು. ವಿಡಿಯೋ ಮಾತ್ರ ಇದಕ್ಕಿಂತ ಉದ್ದ ಇರುತ್ತದೆ.