ಏಳು ಡಾಲರ್ ಬೇಡ ಅಂದವರು

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳ್ತಾ ಇದೆಯಾ? ಸರಿ. ನನಗೆ ಕೊಟ್ಟಿರುವುದು ಇಪ್ಪತ್ತು ನಿಮಿಷ, ಆಮೇಲೆ ಊಟ. ಬಿಸಿಬೇಳೆಬಾತಿನ ವಾಸನೆ ಈಗಾಗಲೇ ಬರುತ್ತಿದೆ. ಅದರ ಜೊತೆ ಪೈಪೋಟಿ ಮಾಡುವ ಧೈರ್ಯ ನನಗಿಲ್ಲ, ಆದಷ್ಟು ಬೇಗ ಮುಗಿಸುತ್ತೇನೆ.

ಬಾಸ್ಟನ್ನಿನಲ್ಲಿರುವ ನಮಗೆಲ್ಲ ಒಂದು ಕೆಲಸ ಗಂಟು ಬಿದ್ದಿದೆ. ಊರಿಂದ ಅಪ್ಪ ಅಮ್ಮ ಬಂದರೆ ಚಿನ್ನದ ಗುಮ್ಮಟದ ಸ್ಟೇಟ್ ಹೌಸ್ ತೋರಿಸಬೇಕು, ಫೋಟೋ ತೆಗೆಯಬೇಕು. ರಸ್ತೆಯ ಈ ಕಡೆ, ಬಾಸ್ಟನ್ ಕಾಮನ್ ಅನ್ನುವ ಪಾರ್ಕಿನ ಅಂಚಿನಲ್ಲಿ, ದೊಡ್ಡದೊಂದು ಕಂಚಿನ ಶಿಲ್ಪ ಇದೆ. ಕುದುರೆ ಮೇಲೆ ಒಬ್ಬ ಬಿಳಿಯ ಅಧಿಕಾರಿ, ಪಕ್ಕದಲ್ಲಿ ಬಂದೂಕು ಹೊತ್ತು ನಡೆಯುವ ಕಪ್ಪು ಸಿಪಾಯಿಗಳು. ನಾನು ಅದರ ಮುಂದೆ ಎಷ್ಟು ನೆಂಟರ ಫೋಟೋ ತೆಗೆದಿದ್ದೇನೋ ಲೆಕ್ಕವಿಲ್ಲ. ಕೆಳಗೆ ಏನು ಬರೆದಿದೆ ಅಂತ ಓದಿರಲಿಲ್ಲ. ನನ್ನಮ್ಮ ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಸಂಬಳದ ಬಿಲ್ಲು ಬರೆದವಳು. ಆಕೆ ಶಿಲ್ಪವನ್ನು ಒಂದು ನಿಮಿಷ ನೋಡಿದಳು. ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇವರಿಗೆ ಸಂಬಳ ಎಷ್ಟಿತ್ತೋ?"

ನಾನು ನಕ್ಕೆ. ಆಮೇಲೆ ಗೊತ್ತಾಯಿತು, ಮ್ಯಾಸಚೂಸೆಟ್ಸ್ 54ನೇ ಸ್ವಯಂಸೇವಕ ಪದಾತಿ ರೆಜಿಮೆಂಟಿನ ಬಗ್ಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ ಅಂತ.

ಗುಲಾಮಗಿರಿಯ ವಿಷಯಕ್ಕೆ ಉತ್ತರದ ಮತ್ತು ದಕ್ಷಿಣದ ರಾಜ್ಯಗಳು ಕಾದಾಡಿದ ಅಮೆರಿಕದ ಅಂತರ್ಯುದ್ಧದ ಹಿನ್ನೆಲೆ ನಾನು ಹೆಚ್ಚು ಹೇಳಬೇಕಿಲ್ಲ, ಅದು ನಿಮ್ಮ ಮಕ್ಕಳ ಶಾಲೆಯ ಪಾಠ. 1863ರ ಮೊದಲ ತಿಂಗಳಲ್ಲಿ ಗವರ್ನರ್ ಜಾನ್ ಆಂಡ್ರೂಗೆ ಕಪ್ಪು ಸಿಪಾಯಿಗಳ ರೆಜಿಮೆಂಟ್ ಕಟ್ಟಲು ಅನುಮತಿ ಸಿಕ್ಕಿತು. ಮ್ಯಾಸಚೂಸೆಟ್ಸಿನಲ್ಲಿ ಅಷ್ಟು ಜನ ಸಿಗುವುದಿಲ್ಲ ಅಂತ ಪೆನ್ಸಿಲ್ವೇನಿಯಾ, ಓಹಾಯೋ, ನ್ಯೂಯಾರ್ಕ್ ಕಡೆಯಿಂದೆಲ್ಲ ಕರೆದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧವೇ ಹೋರಾಡುತ್ತಿದ್ದ ಫ್ರೆಡರಿಕ್ ಡಗ್ಲಸ್ ತನ್ನ ಇಬ್ಬರು ಮಕ್ಕಳನ್ನೇ ಕಳಿಸಿದ. ಜನ ಎಷ್ಟು ಬಂದರು ಅಂದರೆ, ಮಿಕ್ಕವರಿಗಾಗಿ 55ನೇ ರೆಜಿಮೆಂಟ್ ಕಟ್ಟಬೇಕಾಯಿತು. ತರಬೇತಿ ನಡೆದದ್ದು ರೀಡ್‌ವಿಲ್‌ನಲ್ಲಿ. ಹೌದು, ನಮ್ಮಲ್ಲಿ ಕೆಲವರು ದಿನಾ ಟ್ರೈನಿನಲ್ಲಿ ತೂಕಡಿಸುತ್ತಾ ದಾಟುವ ಅದೇ ರೀಡ್‌ವಿಲ್. ಮೇ 28ಕ್ಕೆ ಬಾಸ್ಟನ್ ಬೀದಿಯಲ್ಲಿ ನಡೆದು ಹಡಗು ಹತ್ತಿದರು. ಕುದುರೆ ಮೇಲಿರುವ ಕರ್ನಲ್ ರಾಬರ್ಟ್ ಗೌಲ್ಡ್ ಶಾಗೆ ಆಗ ಇಪ್ಪತ್ತೈದು ವರ್ಷ. ನಮ್ಮಲ್ಲಿ ಆ ವಯಸ್ಸಿನ ಹುಡುಗರಿಗೆ ಇನ್ನೂ ಅಮ್ಮ ಉಪ್ಪಿನಕಾಯಿ ಪಾರ್ಸೆಲ್ ಕಳಿಸುತ್ತಿರುತ್ತಾಳೆ.

ಈಗ ಸಂಬಳಕ್ಕೆ ಬರೋಣ. ಸೇರುವಾಗ ಹೇಳಿದ್ದು ಬಿಳಿಯ ಸಿಪಾಯಿಗಳಷ್ಟೇ ಸಂಬಳ, ತಿಂಗಳಿಗೆ 13 ಡಾಲರ್, ಬಟ್ಟೆ ಬೇರೆ. ದಕ್ಷಿಣ ಕ್ಯಾರೊಲಿನಾಗೆ ಹೋದ ಮೇಲೆ ಸರ್ಕಾರ ರಾಗ ಬದಲಾಯಿಸಿತು. 1862ರ ಒಂದು ಕಾಯ್ದೆ ತೆಗೆದರು. ಸೈನ್ಯಕ್ಕೆ ಕೂಲಿ ಮಾಡುವ ಕಪ್ಪು ಜನರಿಗೆ ತಿಂಗಳಿಗೆ 10 ಡಾಲರ್, ಅದರಲ್ಲಿ 3 ಡಾಲರ್ ಬಟ್ಟೆಗೆ ಮುರಿದುಕೊಳ್ಳಬೇಕು ಅಂತ ಅದರಲ್ಲಿದೆ. ಕೈಗೆ ಬರುವುದು ಏಳು. ಇನ್ನೊಂದು ತಮಾಷೆ ನೋಡಿ. ಬಿಳಿಯರಲ್ಲಿ ಸಾರ್ಜೆಂಟ್ ಮೇಜರ್‌ಗೆ 21 ಡಾಲರ್. ಇಲ್ಲಿ ಸಾರ್ಜೆಂಟ್ ಮೇಜರ್ ಆಗಿದ್ದವನು ಡಗ್ಲಸ್ಸಿನ ಮಗ ಲೂಯಿಸ್. ಅವನಿಗೂ ಅದೇ ಏಳು.

ಅವರು ಏನು ಮಾಡಿದರು? ಬೇಡ ಅಂದರು. ಜಗಳ ಮಾಡಿ ಏಳು ತೆಗೆದುಕೊಳ್ಳಲಿಲ್ಲ, ಬೈದುಕೊಂಡು ತೆಗೆದುಕೊಳ್ಳಲಿಲ್ಲ. ಒಂದು ಪೈಸೆಯನ್ನೂ ಮುಟ್ಟಲಿಲ್ಲ. ಬಟವಾಡೆ ಅಧಿಕಾರಿ ಮತ್ತೆ ಮತ್ತೆ ಬಂದ, ಮತ್ತೆ ಮತ್ತೆ ಪೆಟ್ಟಿಗೆ ಮುಚ್ಚಿಕೊಂಡು ಹೋದ. ಹದಿನೆಂಟು ತಿಂಗಳು!

ಇಲ್ಲಿ ನನ್ನದೊಂದು ಅವಮಾನದ ಕಥೆ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ನನ್ನ ಮೊದಲ ಕೆಲಸ. ಕಂಪನಿ ಹೆಸರು ಬೇಡ. ಮೂರು ತಿಂಗಳು ಸಂಬಳ ಆಗಲಿಲ್ಲ. ನಾಲ್ಕನೇ ತಿಂಗಳು ಒಬ್ಬೊಬ್ಬರನ್ನೇ ಒಳಗೆ ಕರೆದು, ಅರ್ಧ ತಗೊಂಡು ಪೂರ್ತಿ ಬಂತು ಅಂತ ಸೈನ್ ಹಾಕಿ ಅಂದರು. ಹೊರಗೆ ಕಾರಿಡಾರಿನಲ್ಲಿ ನಾವು ಎಂಟು ಜನ, ಯಾರೂ ಸೈನ್ ಹಾಕಬಾರದು ಅಂತ ಮಾತಾಡಿಕೊಂಡಿದ್ದೆವು. ಒಳಗೆ ಹೋದವರೆಲ್ಲ ಸುಮ್ನೆ ಸೈನ್ ಹಾಕಿ, ಕಣ್ಣು ತಪ್ಪಿಸಿಕೊಂಡು ಮೆಟ್ಟಿಲಿಳಿದರು. ನಾನು ಮೂರನೆಯವನು. ಪಿ.ಜಿ. ಬಾಡಿಗೆ ಕಟ್ಟಬೇಕಿತ್ತು, ಅಷ್ಟೇ ನನ್ನ ಕಾರಣ. ನಾವು ಎಂಟು ಜನ ಒಂದು ಗಂಟೆ ಒಟ್ಟಿಗೆ ನಿಲ್ಲಲಿಲ್ಲ. ಇವರು ನೂರಾರು ಜನ, ಒಂದೂವರೆ ವರ್ಷ. ಮನೆಯಿಂದ ಹೆಂಡತಿಯರ ಕಾಗದ ಬರುತ್ತಿದ್ದವು, ಬಾಡಿಗೆ ಇಲ್ಲ, ಊಟಕ್ಕಿಲ್ಲ ಅಂತ. ಆದರೂ ಮುಟ್ಟಲಿಲ್ಲ.

ದಕ್ಷಿಣದವರ ವ್ಯಾಗ್ನರ್ ಕೋಟೆಯ ಮೇಲೆ ಇವರು ದಾಳಿ ಮಾಡಿದ ಕಥೆ ನೀವು 'ಗ್ಲೋರಿ' ಸಿನಿಮಾದಲ್ಲಿ ನೋಡಿದ್ದೀರಿ, ಅಲ್ವಾ? 1863ರ ಜುಲೈ 18ರ ಸಂಜೆ. ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿ ಮಾರಿಸ್ ದ್ವೀಪ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಜೌಗು, ನಡುವೆ ಮರಳಿನ ಕಿರಿದಾದ ಪಟ್ಟಿ. ಅದರ ಮೇಲೆ ಎಲ್ಲರಿಗಿಂತ ಮುಂದೆ ಇವರೇ ನುಗ್ಗಿದರು. ಆರುನೂರು ಜನರಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 272. ಶಾ ಕೋಟೆಯ ದಿಬ್ಬದ ಮೇಲೆ ಸತ್ತ. ಸೋಲಿಸಿದವರು ಅವನನ್ನು ಸಿಪಾಯಿಗಳ ಜೊತೆ ಒಂದೇ ಗುಂಡಿಗೆ ಹಾಕಿದರು. ಆಮೇಲೆ ದೇಹ ಹುಡುಕಿ ತರಿಸೋಣ ಅಂತ ಮಾತು ಬಂದಾಗ ಅವನಪ್ಪ, ಬೇಡ, ಅವನ ಜನರ ಜೊತೆಗೇ ಇರಲಿ ಅಂದ. ಬಾವುಟ ಹೊತ್ತು ತೆವಳಿಕೊಂಡು ಬಂದ ವಿಲಿಯಂ ಕಾರ್ನಿಗೆ ಪದಕ ಸಿಕ್ಕಿದ್ದು 1900ರಲ್ಲಿ. ಮೂವತ್ತೇಳು ವರ್ಷ. ಕಡತ ಎಲ್ಲಿ ಮಲಗಿತ್ತು ಅಂತ ನಮ್ಮಮ್ಮನನ್ನು ಕೇಳಬೇಕು.

ಸಿನಿಮಾ ಅಲ್ಲಿಗೆ ಮುಗಿಯುತ್ತದೆ. ನನ್ನ ತಕರಾರು ಅಲ್ಲೇ. ಸಂಬಳದ ವಿಷಯ ಅದರಲ್ಲಿ ಒಂದು ದೃಶ್ಯ ಅಷ್ಟೇ. ನಿಜದಲ್ಲಿ ವ್ಯಾಗ್ನರ್ ಒಂದು ಸಂಜೆ, ಸಂಬಳ ಹದಿನೆಂಟು ತಿಂಗಳು. ದೊಡ್ಡ ಯುದ್ಧ ಯಾವುದು, ನೀವೇ ಹೇಳಿ.

ಕೋಟೆ ಮೇಲಿನ ದಾಳಿ ಆದಮೇಲೆ ಇವರ ಕೈಗೆ ಗುದ್ದಲಿ ಕೊಟ್ಟರು. ಕಂದಕ ತೋಡಿ ಅಂದರು, ತೋಡಿದರು. ಸೆಪ್ಟೆಂಬರ್ 28ಕ್ಕೆ ಕಾರ್ಪೊರಲ್ ಜೇಮ್ಸ್ ಹೆನ್ರಿ ಗುಡಿಂಗ್ ನೇರವಾಗಿ ಲಿಂಕನ್ನಿಗೇ ಕಾಗದ ಬರೆದ. ನಾವು ಸಿಪಾಯಿಗಳೋ, ಕೂಲಿಗಳೋ ಅಂತ ಕೇಳಿದ. ಸಿಪಾಯಿಯ ಕೆಲಸ ಮಾಡಿದ್ದೇವೆ, ಸಿಪಾಯಿಯ ಸಂಬಳ ಯಾಕಿಲ್ಲ? ರಾಷ್ಟ್ರಪತಿಗೆ ಒಬ್ಬ ಕಾರ್ಪೊರಲ್ ಹೀಗೆ ಬರೆಯುವುದು ಅಂದರೆ ಸಣ್ಣ ಮಾತಲ್ಲ.

ಮ್ಯಾಸಚೂಸೆಟ್ಸ್ ಸರ್ಕಾರಕ್ಕೆ ನಾಚಿಕೆಯಾಯಿತು. ಬಾಕಿ ಹಣ ನಾವು ತುಂಬಿಕೊಡುತ್ತೇವೆ, ತಗೊಳ್ಳಿ ಅಂದರು. ಒಳ್ಳೆಯ ಮನಸ್ಸಿನಿಂದಲೇ. ಅದನ್ನೂ ಬೇಡ ಅಂದರು! ನಮ್ಮಮ್ಮನಿಗೆ ಇದನ್ನು ಹೇಳಿದಾಗ ಅವಳು ತಕ್ಷಣ, "ಮತ್ತೆ? ಬೇರೆಯವರು ಕೊಟ್ಟರೆ ಅದು ದಾನ. ಸಂಬಳ ಕೊಡಬೇಕಾದವರೇ ಕೊಡಬೇಕು" ಅಂದಳು. ಗವರ್ನರ್‌ಗೆ ಹೊಳೆಯದ್ದು ಲೆಕ್ಕದ ಗುಮಾಸ್ತೆಗೆ ಹೊಳೆಯಿತು.

ಪಕ್ಕದ ರೆಜಿಮೆಂಟಿನ ವಿಷಯವನ್ನೂ ಹೇಳಲೇಬೇಕು. ಮೂರನೇ ದಕ್ಷಿಣ ಕ್ಯಾರೊಲಿನಾದ ಸಾರ್ಜೆಂಟ್ ವಿಲಿಯಂ ವಾಕರ್ ಇದೇ ಸಂಬಳದ ವಿಷಯಕ್ಕೆ ತನ್ನ ತಂಡದವರ ಕೈಲಿ ಕರ್ನಲ್ಲನ ಗುಡಾರದ ಮುಂದೆ ಬಂದೂಕು ಕೆಳಗಿಡಿಸಿದ. ದಂಗೆ ಅಂತ ಆರೋಪ ಹೊರಿಸಿ 1864ರ ಫೆಬ್ರವರಿ 29ಕ್ಕೆ ಗುಂಡಿಟ್ಟು ಕೊಂದರು. ಅಂದರೆ ಬೇಡ ಅನ್ನುವುದು ಎಷ್ಟು ಅಪಾಯದ ಮಾತು ಅಂತ 54ನೆಯವರಿಗೂ ಗೊತ್ತಿತ್ತು. ಅವರು ಸಂಬಳ ಮಾತ್ರ ಬಿಟ್ಟರು, ಕೆಲಸ ಬಿಡಲಿಲ್ಲ.

ಅದಕ್ಕೆ ಒಂಬತ್ತು ದಿನ ಮುಂಚೆ, ಫ್ಲಾರಿಡಾದ ಒಲಸ್ಟೀಯಲ್ಲಿ ಉತ್ತರದ ಸೈನ್ಯ ಸೋತು ಹಿಂದಕ್ಕೆ ಓಡುತ್ತಿತ್ತು. ಬೆನ್ನಿಗೆ ಅಡ್ಡವಾಗಿ ನಿಲ್ಲಲು 54ನೆಯವರನ್ನು ಮುಂದೆ ಕಳಿಸಿದರು. ಇವರು ಕೂಗಿದ ಘೋಷಣೆ ಏನು ಗೊತ್ತಾ? "ಮ್ಯಾಸಚೂಸೆಟ್ಸ್, ಮತ್ತು ತಿಂಗಳಿಗೆ ಏಳು ಡಾಲರ್!" ಗುಂಡು ಹಾರುತ್ತಿರುವಾಗಲೂ ವ್ಯಂಗ್ಯ ಬಿಡಲಿಲ್ಲ. ಆಮೇಲೆ ಗಾಯಾಳುಗಳನ್ನು ತುಂಬಿದ್ದ ರೈಲಿನ ಎಂಜಿನ್ ಕೆಟ್ಟು ನಿಂತಿತು. ಬಿಟ್ಟು ಹೋದರೆ ಶತ್ರುವಿನ ಕೈಗೆ. ಇವರನ್ನು ವಾಪಸ್ ಕಳಿಸಿದರು. ನಡೆದು, ಹೋರಾಡಿ, ಮತ್ತೆ ನಡೆದು ಕಾಲು ಬಿದ್ದುಹೋದವರು ಎಂಜಿನ್ನಿಗೂ ಡಬ್ಬಿಗಳಿಗೂ ಹಗ್ಗ ಕಟ್ಟಿ, ಹೆಗಲು ಕೊಟ್ಟು, ಮೈಲುಗಟ್ಟಲೆ ರೈಲನ್ನೇ ಎಳೆದರು. ನಮ್ಮ ಕಡೆ ತೇರು ಎಳೆದವರಿಗೆ ಗೊತ್ತು, ಮೊದಲ ಹೆಜ್ಜೆ ಎಷ್ಟು ಭಾರ ಅಂತ. ಸಂಬಳವಿಲ್ಲದೆ, ನೆನಪಿರಲಿ.

ಚೀಟಿ ಬಂತು. ಐದು ನಿಮಿಷ ಅಂತೆ. ಹನಿ ಹಿಲ್, ಬಾಯ್ಕಿನ್ಸ್ ಮಿಲ್ ಕಾಳಗಗಳೆರಡನ್ನೂ ಬಿಡುತ್ತೇನೆ. ಇದೇ ರೆಜಿಮೆಂಟಿನ ಕಪ್ಪು ಸಾರ್ಜೆಂಟ್ ಸ್ಟೀಫನ್ ಸ್ವೇಲ್ಸ್ ಅಧಿಕಾರಿಯಾದ ಕಥೆ ಮುಂದಿನ ವರ್ಷ, ನೀವು ಕರೆದರೆ.

1864ರ ಜೂನ್‌ನಲ್ಲಿ ಕಾಂಗ್ರೆಸ್ ಬಗ್ಗಿತು. ಆದರೆ ಅದರಲ್ಲೂ ಒಂದು ಕೊಕ್ಕೆ. 1861ರ ಏಪ್ರಿಲ್ 19ಕ್ಕೆ ಸ್ವತಂತ್ರರಾಗಿದ್ದವರಿಗೆ ಮಾತ್ರ ಸೇರಿದ ದಿನದಿಂದ ಪೂರ್ತಿ ಬಾಕಿ. ರೆಜಿಮೆಂಟಿನಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರೂ ಇದ್ದರು. ಅವರೇನು ಮಾಡಬೇಕು? ಶಾ ನಂತರ ಕರ್ನಲ್ ಆಗಿದ್ದ ಹ್ಯಾಲೊವೆಲ್, ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಕ್ವೇಕರ್ ಅನ್ನುವ ಕ್ರೈಸ್ತ ಪಂಗಡದ ಮನೆತನದವನು. ಅವನು ಪ್ರಮಾಣದ ಮಾತನ್ನು ಹೀಗೆ ಹೆಣೆದ: ಆ ತಾರೀಖಿಗೆ ನಾನು ಯಾರಿಗೂ ಬಿಟ್ಟಿ ಚಾಕರಿ ಮಾಡುವ ಋಣದಲ್ಲಿ ಇರಲಿಲ್ಲ. ಗುಲಾಮನಾಗಿದ್ದವನೂ ಕೈ ಎತ್ತಿ ಹೇಳಬಹುದು, ಒಂದಕ್ಷರ ಸುಳ್ಳಿಲ್ಲ. ಯಾಕೆಂದರೆ ಯಾವ ಮನುಷ್ಯ ಯಾರಿಗೆ ಬಿಟ್ಟಿ ಚಾಕರಿ ಬಾಕಿ ಇರುತ್ತಾನೆ? ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಸೆಪ್ಟೆಂಬರ್ ಕೊನೆಗೆ ಬಟವಾಡೆ ಆಯಿತು. ಒಟ್ಟು 1,70,000 ಡಾಲರ್ ಬೇಕಾಯಿತು. ಶಿಬಿರದಲ್ಲಿ ಹಬ್ಬ.

ಗುಡಿಂಗ್ ಅಲ್ಲಿರಲಿಲ್ಲ. ಒಲಸ್ಟೀಯಲ್ಲಿ ಸಿಕ್ಕಿಬಿದ್ದು ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಜುಲೈ 19ಕ್ಕೆ ತೀರಿಕೊಂಡಿದ್ದ.

ಕಾಮನ್‌ನ ಶಿಲ್ಪ ನಿಂತಿದ್ದು 1897ರಲ್ಲಿ. ಸತ್ತ ಬಿಳಿಯ ಅಧಿಕಾರಿಗಳ ಹೆಸರನ್ನು ಆಗಲೇ ಕೆತ್ತಿದ್ದರು, ಸಿಪಾಯಿಗಳ ಹೆಸರು ಹಿಂಬದಿಯಲ್ಲಿ ಬಂದದ್ದು 1980ರ ದಶಕದಲ್ಲಿ. ಮುಂದಿನ ಸಲ ನೆಂಟರು ಬಂದಾಗ ಹಿಂದೆಯೂ ಒಂದು ಸುತ್ತು ಹೋಗಿ. ಪ್ರಶ್ನೆ ಇದ್ದವರು ಊಟದ ಸಾಲಿನಲ್ಲಿ ಕೇಳಿ, ನಾನು ಹಪ್ಪಳದ ಹತ್ತಿರ ಇರುತ್ತೇನೆ.